ಪ್ರ: ಮೈ ಪೂರ್ತಿ ಸೋತ ಮೇಲೂ ಜರ್ಮನಿಯ ಯಹೂದಿ ತತ್ವಜ್ಞಾನಿ ಫ್ರಾಂಜ್ ರೋಸೆನ್‌ಜ್ವೈಗ್ ಬರೆದದ್ದು ನಿಜವೇ?
ನಿಜ ಸರ್, ದಂತಕಥೆ ಅಲ್ಲ. 1922ರಲ್ಲಿ ಸ್ನಾಯುಗಳ ಶಕ್ತಿಯನ್ನು ಕುಂದಿಸುತ್ತಾ ಹೋಗುವ ನರರೋಗ ಎಎಲ್‌ಎಸ್ ಶುರುವಾದಾಗ ಅವರಿಗೆ 35. ಕೈ ಹೋಯಿತು, ಮಾತೂ ಹೋಯಿತು. ಮೊದಮೊದಲು ಅವರಿಗಂತಲೇ ಹೊಂದಿಸಿದ ಟೈಪ್‌ರೈಟರ್‌ನಲ್ಲಿ ಅಕ್ಷರ ತೋರಿಸುತ್ತಿದ್ದರು. ಕೊನೆಗೆ ಅದೂ ಆಗದೆ, ಹೆಂಡತಿ ಎಡಿತ್ ಅಕ್ಷರಮಾಲೆ ಹೇಳುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಇವರು ಕಣ್ಣು ಮಿಟುಕಿಸುವುದು! ಇಂಥ ಸ್ಥಿತಿಯಲ್ಲೇ 1925ರಿಂದ ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಜೊತೆ ಹೀಬ್ರೂ ಬೈಬಲನ್ನು ಜರ್ಮನ್‌ಗೆ ತರತೊಡಗಿದರು. 1929ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಕೆಲಸ ಬೈಬಲಿನ ಯೆಶಾಯನ ಪುಸ್ತಕದವರೆಗೆ ಬಂದಿತ್ತು. ಉಳಿದದ್ದನ್ನು ಬೂಬರ್ ಮುಗಿಸಿದರು.

ಒಂದು ಮಾತು: ಸಾವಿನ ಭಯವನ್ನು ತತ್ವಶಾಸ್ತ್ರ ಮುಚ್ಚಿಡುತ್ತದೆ ಎಂಬ ಅವರ ತಕರಾರು ಕಾಯಿಲೆಯಿಂದ ಹುಟ್ಟಿದ್ದು ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಆ ತಕರಾರು ಇರುವ ಗ್ರಂಥ ‘ದ ಸ್ಟಾರ್ ಆಫ್ ರಿಡೆಂಪ್ಶನ್’ ಅನ್ನು ಅವರು ಶುರುಮಾಡಿದ್ದು 1918ರಲ್ಲಿ, ಬಾಲ್ಕನ್ ಯುದ್ಧರಂಗದಲ್ಲಿ ಸೈನಿಕನಾಗಿದ್ದಾಗ.