ಎಫ್ ಅಂದರೆ ಅಂಟು, ಶಿಫ್ಟ್ ಅಂದರೆ ಮಹಾಪ್ರಾಣ

ಮನೇಲಿ ತೆಲುಗು, ಶಾಲೇಲಿ ಕನ್ನಡ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಈ ಮೂರರ ನಡುವೆ ಒಂದನೇ ತರಗತಿಯಿಂದ ಹತ್ತರವರೆಗೆ ಮಕ್ಕಳಿಗೆ ಕಂಪ್ಯೂಟರ್ ಹೇಗೆ ಕಲಿಸ್ತೀರಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಸ್ವಲ್ಪ ಅಯ್ಯೋ ಪಾಪ ಅನ್ನೋ ದನಿ ಇದೆ. ಅದಕ್ಕೇ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ, ಚೇಳೂರು ಕಡೆ. 2007ರ ತನಕ ಕೋಲಾರ ಜಿಲ್ಲೆಯಲ್ಲೇ ಇದ್ದೆವು. ಆಂಧ್ರ ಇಲ್ಲೇ ಪಕ್ಕದಲ್ಲಿ. ಹೆಣ್ಣು ಕೊಡೋದು ತರೋದು ಎಲ್ಲ ಕದಿರಿ, ಮದನಪಲ್ಲಿ ಕಡೆಗೂ ಉಂಟು. ನಾವು ತೆಲುಗು ಮಾತಾಡಿದ ತಕ್ಷಣ ಹೊರಗಿನವರು "ಓ, ನೀವು ಆಂಧ್ರದವರಾ?" ಅಂತಾರೆ. ಅಲ್ಲ. ಮಾತು ತೆಲುಗು, ಓದು ಬರಹ ಪೂರ್ತಿ ಕನ್ನಡ. ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ತೆಲುಗು ಲಿಪಿಯಲ್ಲಿ ಒಂದು ಸಾಲೂ ಬರೆಯೋಕೆ ಬರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ನಾನು ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಪ್ರಾಥಮಿಕ ಶಾಲೆಯೂ ಅದೇ ಕಾಂಪೌಂಡಿನಲ್ಲಿದೆ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿದ್ದ ಕಾಗದ ಎಳೆದು ತೆಗೆದೆ ನೋಡಿ, ಅವತ್ತಿನಿಂದ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲಿದೆ. ಬಂದದ್ದು ಹತ್ತು ಯಂತ್ರ. ಓಡುತ್ತಿರುವುದು ಏಳು. ಒಂದರ ಕೇಬಲ್ ಇಲಿ ಕಡಿಯಿತು, ಇನ್ನೆರಡರ ಕಥೆ ಬೇಡ.

ಚಿಕ್ಕ ಮಕ್ಕಳಿಗೆ ಟಕ್ಸ್ ಪೇಂಟ್ ಅನ್ನೋ ಚಿತ್ರ ಬಿಡಿಸುವ ತಂತ್ರಾಂಶ ಬಿಟ್ಟು ಬೇರೇನೂ ಇಲ್ಲ. ಅದನ್ನ ಕನ್ನಡದಲ್ಲೇ ಇಟ್ಟುಕೊಳ್ಳಬಹುದು, ದುಡ್ಡೂ ಬೇಡ. ಬಾಣದ ಗುರುತನ್ನ ಮೇಲಕ್ಕೆ ಒಯ್ಯಿ ಅಂದರೆ ಒಂದನೇ ತರಗತಿಯ ಮಗು ಮೌಸನ್ನೇ ಗಾಳಿಯಲ್ಲಿ ಮೇಲೆತ್ತುತ್ತದೆ. ತಪ್ಪೇನಿದೆ, ನಾವು ಹೇಳಿದ್ದೂ ಹಾಗೇ ಅಲ್ವಾ? ಅದು ಸರಿಹೋಗಲು ಎರಡು ವಾರ ಸಾಕು.

ನಿಜವಾದ ಆಟ ಶುರುವಾಗೋದು ನಾಲ್ಕು, ಐದರಲ್ಲಿ, ಕನ್ನಡ ಟೈಪಿಂಗಿನಿಂದ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ನಮ್ಮದು. ಕಚೇರಿಗಳಲ್ಲಿ ಬಳಸುವ 'ನುಡಿ' ತಂತ್ರಾಂಶದಲ್ಲೂ ಅದೇ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಅಮ್ಮ ಅಂತ ಬರೆಯಲು ಎ, ಎಂ, ಎಫ್, ಎಂ. ಮಕ್ಕಳು ಎಫ್ ಕೀಲಿಗೆ 'ಅಂಟು' ಅಂತ ಹೆಸರಿಟ್ಟಿದ್ದಾರೆ. ಟ ಮಾತ್ರ ಕ್ಯೂನಲ್ಲಿ, ಡ ಡಬ್ಲ್ಯುನಲ್ಲಿ ಕೂತಿವೆ. 'ಕನ್ನಡ' ಅಂತ ಬರೆಯುವಾಗ ಕೊನೆಯ ಅಕ್ಷರಕ್ಕೆ ಎಲ್ಲರೂ ಹುಡುಕಾಡುತ್ತಾರೆ.

ಇದರಿಂದ ನಾನು ಎಣಿಸದ ಒಂದು ಲಾಭ ಆಯ್ತು. ನಮ್ಮ ಕಡೆ ಮಾತಿನಲ್ಲಿ ದ, ಧ ಎರಡೂ ಒಂದೇ. ಅಲ್ಪಪ್ರಾಣ ಮಹಾಪ್ರಾಣ ಅಂತ ಕನ್ನಡ ಟೀಚರ್ ಎಷ್ಟು ಗಂಟಲು ಹರಿದುಕೊಂಡರೂ ಧನ ಹೋಗಿ ದನ ಆಗುತ್ತಿತ್ತು. ಈಗ ಉಕ್ತಲೇಖನ ಕೊಟ್ಟರೆ ಮಕ್ಕಳು ಪೆನ್ಸಿಲ್ ಹಿಡಿದುಕೊಂಡೇ ಕೇಳುತ್ತಾರೆ: "ಮಿಸ್, ಇದಕ್ಕೆ ಶಿಫ್ಟ್ ಇದೆಯಾ?" ಟೀಚರಿಗೆ ನಗುವೂ ಬರುತ್ತದೆ, ಕೋಪವೂ ಬರುತ್ತದೆ. ಆದರೆ ತಪ್ಪು ಕಡಿಮೆಯಾಗಿದೆ ಅಂತ ಅವರೇ ಒಪ್ಪಿದ್ದಾರೆ.

ಆರು, ಏಳರಲ್ಲಿ ನಾನು ಸೋಲುವ ಪಾಠ ಫೈಲು, ಫೋಲ್ಡರು. ಮೊಬೈಲ್ ಹಿಡಿದು ಬೆಳೆದ ಮಕ್ಕಳಿಗೆ ಫೋಟೋ ಅಂದರೆ ಗ್ಯಾಲರಿಯಲ್ಲಿ ತಾನಾಗೇ ಇರುವ ವಸ್ತು. ಅದಕ್ಕೊಂದು ಹೆಸರು ಇಡಬೇಕು, ಎಲ್ಲಿ ಇಟ್ಟೆ ಅಂತ ನೆನಪಿರಬೇಕು ಅನ್ನೋದೇ ಅವರಿಗೆ ವಿಚಿತ್ರ. ಸೇವ್ ಮಾಡಿದ ಮರುದಿನ "ಸಾರ್, ಎಕ್ಕಡ ಪೋಯಿಂದಿ?" ಅಂತ ಬರುತ್ತಾರೆ. ಎಲ್ಲಿ ಹೋಯ್ತು ಅಂತ. ಯಂತ್ರದಲ್ಲಿ 'ಹೆಸರಿಲ್ಲದ್ದು 1' ರಿಂದ 'ಹೆಸರಿಲ್ಲದ್ದು 43' ರವರೆಗೆ ಇರುತ್ತದೆ. ಈಗ ಕೋಣೆಯ ಮೂಲೆಯಲ್ಲಿ ಒಂದು ಬೀರು ಇಟ್ಟಿದ್ದೇನೆ. ಬೀರು, ಅದರೊಳಗೆ ಖಾನೆ, ಖಾನೆಯೊಳಗೆ ಡಬ್ಬಿ, ಡಬ್ಬಿಯೊಳಗೆ ಚೀಟಿ. ಚೀಟಿ ಬಚ್ಚಿಟ್ಟು, ದಾರಿಯನ್ನ ಬೋರ್ಡಿನ ಮೇಲೆ ಬರೆಸುತ್ತೇನೆ. ಅರ್ಧ ಮಕ್ಕಳಿಗೆ ಹತ್ತುತ್ತದೆ.

ಎಂಟರಲ್ಲಿ ಲೆಕ್ಕದ ಹಾಳೆ, ಅಂದರೆ ಸ್ಪ್ರೆಡ್‌ಶೀಟ್. ನಮ್ಮಲ್ಲಿ ರೇಷ್ಮೆ ಮನೆಗಳು ಜಾಸ್ತಿ, ಗೂಡು ಸಿಡ್ಲಘಟ್ಟ ಮಾರುಕಟ್ಟೆಗೆ ಹೋಗುತ್ತದೆ. ಹಾಗಾಗಿ ಮೊಟ್ಟೆಯ ಖರ್ಚು, ಗೂಡಿನ ತೂಕ, ಸಿಕ್ಕ ರೇಟು, ಮನೆಯವರ ಕೂಲಿ, ಹೀಗೆ ಕಾಲಂ ಹಾಕಿಸಿದೆ. ಒಬ್ಬ ಅಪ್ಪ ಬಂದು, "ಮೇಷ್ಟ್ರೇ, ಆ ಕೂಲಿ ಕಾಲಂ ತೆಗೆಸಿಬಿಡಿ, ನಷ್ಟ ಕಾಣಿಸ್ತಾ ಇದೆ" ಅಂದರು. ಹಾಜರಿ ಪುಸ್ತಕವನ್ನೂ ಮಕ್ಕಳೇ ಹಾಳೆಗೆ ಹಾಕಿದರು. ರೇಷ್ಮೆ ಹುಳ ಪೊರೆ ಬಿಡೋದಕ್ಕೆ ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಒಂದು ವಾರ ಒಂದೇ ಸಮನೆ ತಿನ್ನುತ್ತದೆ, ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಆಗಲೇ ಬೇಕು. ಆ ವಾರ ಯಾರ್ಯಾರ ಮನೇಲಿ ಹುಳ ಇತ್ತು ಅನ್ನೋದು ಹಾಜರಿಯ ಗ್ರಾಫಿನಲ್ಲಿ ಗುಂಡಿ ಬಿದ್ದ ಹಾಗೆ ಕಂಡಿತು.

ಹತ್ತನೇ ತರಗತಿಯ ಬಗ್ಗೆ ಕೇಳಬೇಡಿ. ಎಸ್ಎಸ್ಎಲ್‌ಸಿ, ಅಷ್ಟೇ. ಕಂಪ್ಯೂಟರ್ ಪೀರಿಯಡ್ಡು ಇಂಗ್ಲಿಷಿಗೋ ನನ್ನ ಗಣಿತಕ್ಕೋ ಹೋಗುತ್ತದೆ. ಕದಿಯುವವರಲ್ಲಿ ನಾನೂ ಒಬ್ಬ.

ಒಂಬತ್ತನ್ನ ಬೇಕಂತಲೇ ಕೊನೆಗೆ ಉಳಿಸಿಕೊಂಡೆ. ಅಕ್ಷರ ಕಂಪ್ಯೂಟರಿಗೆ ನಂಬರ್ ಅಂತ ತೋರಿಸೋಕೆ ಲಿಬ್ರೆ ಆಫೀಸಿನ ಹಾಳೆಯಲ್ಲಿ ಯೂನಿಕೋಡ್ ಅನ್ನೋ ಸೂತ್ರ ಹಾಕಿಸಿದೆ. ಕ ಅಂದರೆ 3221. ಅ ಅಂದರೆ 3205. ಅಮ್ಮ ಅನ್ನೋ ಪದದ ಉದ್ದ ಕೇಳಿದರೆ ಅದು ನಾಲ್ಕು ಅನ್ನುತ್ತದೆ, ಎರಡಲ್ಲ. ಯಾಕೆ ಅಂತ ಅವರೇ ಹುಡುಕಿದರು. ಅಂಟಿಗೂ ನಂಬರ್ ಇದೆ: 3277! ಆಮೇಲೆ ಒಬ್ಬ ಹುಡುಗಿ ತೆಲುಗಿನ ಕ ಎಷ್ಟು ಅಂತ ನೋಡಿದಳು. 3093. ತೆಲುಗಿನ ಅ 3077. ಎರಡರಲ್ಲೂ ವ್ಯತ್ಯಾಸ 128.

ಯೂನಿಕೋಡ್ ಅಂದರೆ ಬೇರೆ ಬೇರೆ ಲಿಪಿಗಳ ಅಕ್ಷರಕ್ಕೆ ನಂಬರ್ ಕೊಟ್ಟಿರುವ ಪಟ್ಟಿ. ಅದರಲ್ಲಿ ತೆಲುಗು ಮತ್ತು ಕನ್ನಡ ಅಕ್ಕಪಕ್ಕದ ಮನೆ. ಒಬ್ಬೊಬ್ಬರಿಗೆ 128 ಜಾಗ, ಅಕ್ಷರಗಳ ಕ್ರಮವೂ ಒಂದೇ. ನಮ್ಮೂರಿನ ಹಾಗೇ ನಡುವೆ ಒಂದು ಗೆರೆ.

ಅವಳ ಅಜ್ಜಿ ಮನೆ ಕದಿರಿ ಹತ್ತಿರ. ತಾನು ಮಾತಾಡುವ ತೆಲುಗನ್ನೇ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿದಳು. ಒಂದೊಂದು ಅಕ್ಷರ ಬಿಡಿಸಿ, ನಂಬರಿನಿಂದ 128 ಕಳೆದು, ಮತ್ತೆ ಅಕ್ಷರ ಮಾಡಿದಳು. ಮೊದಲ ಸಲ ಪದಪದದ ನಡುವೆ ತಪ್ಪು ಬಂತು. ಖಾಲಿ ಜಾಗದ ನಂಬರ್ 32, ಅದರಲ್ಲಿ 128 ಹೇಗೆ ಕಳೀತೀಯಮ್ಮ? ಹೀಗಿದ್ದರೆ ಇದು, ಇಲ್ಲದಿದ್ದರೆ ಅದು ಅನ್ನೋ 'ಇಫ್' ಸೂತ್ರವನ್ನ ನಾನಾಗಿ ಕಲಿಸಬೇಕಾಗಲೇ ಇಲ್ಲ, ಅವಳೇ ಕೇಳಿ ಪಡೆದಳು. ಸಂಜೆಯ ಹೊತ್ತಿಗೆ ಹತ್ತು ಸಾಲಿನ ತೆಲುಗು ಪತ್ರ ತಯಾರು. ಬರೆದವಳಿಗೇ ಅದನ್ನ ಓದಲು ಬರುವುದಿಲ್ಲ!

ವಾರ ಕಳೆದು ಅವಳ ಮಾವನಿಂದ ಉತ್ತರ ಬಂತು. ಅಜ್ಜಿ ಹೇಳಿದ್ದನ್ನ ತೆಲುಗಿನಲ್ಲಿ ಕೈಯಲ್ಲಿ ಬರೆದು, ಫೋಟೋ ತೆಗೆದು ಅಪ್ಪನ ಮೊಬೈಲಿಗೆ ಕಳಿಸಿದ್ದರು. ಈಗ 128 ಕೂಡಿಸಿದರೆ ಕನ್ನಡ ಆಗುತ್ತಲ್ವಾ ಸಾರ್ ಅಂತ ಮೊಬೈಲ್ ಹಿಡಿದುಕೊಂಡು ನಿಂತಿದ್ದಳು. ಫೋಟೋದಲ್ಲಿರೋ ಅಕ್ಷರಕ್ಕೆ ನಂಬರ್ ಇರಲ್ಲಮ್ಮ, ಅದು ಬರೀ ಬಣ್ಣದ ಚುಕ್ಕಿ ಅಂದೆ. ಹಾಗಾದರೆ ಚುಕ್ಕಿಗಳಿಗೆ ನಂಬರ್ ಇದೆಯಾ ಅಂತ ಕೇಳಿದಳು. ಇದೆ. ಮುಂದಿನ ವಾರದ ಪಾಠ ಅದೇ, ಕರೆಂಟ್ ಇದ್ದರೆ.