ರೊಟ್ಟಿ ಬಡಿದವರ ಕೂಲಿ ಎಲ್ಲಿ ಬರೆದಿರಿ?

ನಾವು ಬಾಗಲಕೋಟೆಯಲ್ಲಿ ಪ್ರತಿ ಬೇಸಿಗೆಗೆ ಐದು ವಾರದ ಒಂದು ಶಿಬಿರ ಮಾಡುತ್ತೇವೆ. ಎಂಟನೇ ತರಗತಿಯಿಂದ ಪಿಯುಸಿವರೆಗಿನ ಮಕ್ಕಳು ಊರಿನ ಒಂದು ತೊಂದರೆ ಹಿಡಿದು, ಅದನ್ನು ಕಡಿಮೆ ಮಾಡುವ ಒಂದು ಸಣ್ಣ ಉದ್ಯಮವನ್ನು ತಾವೇ ಮಾಡಿ ನೋಡುತ್ತಾರೆ. ಕಳೆದ ಸಂಚಿಕೆಯಲ್ಲಿ ಇದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಪತ್ರ, ವಾಟ್ಸಾಪ್ ಸಂದೇಶ ಜಾಸ್ತಿಯೇ ಬಂದಿವೆ. ಜಾಗ ಇದ್ದಷ್ಟಕ್ಕೆ ಉತ್ತರ ಕೊಡುತ್ತಿದ್ದೇನೆ.

ಅಕ್ಕಾ, ಮಗಳು ಈಗ ಒಂಬತ್ತನೇ ತರಗತಿ ಮುಗಿಸಿದ್ದಾಳೆ. ‘ಸೋಶಿಯಲ್ ಆಂತ್ರಪ್ರೆನ್ಯೂರ್‌ಶಿಪ್’ ಶಿಬಿರ ಅಂತ ಒಂದು ಜಾಹೀರಾತು ನೋಡಿದೆ. ಮೂರು ದಿನ, ಫೀಸು ಬಹಳ, ಕೊನೆಗೆ ಸರ್ಟಿಫಿಕೇಟ್ ಕೊಡುತ್ತಾರಂತೆ. ಇದು ಸೇವೆಯೋ ವ್ಯಾಪಾರವೋ ತಿಳಿಯಲಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಟ್ಯೂಷನ್ ಬಿಡಿಸಿ ಕಳಿಸಬೇಕಾ?
— ಒಬ್ಬ ತಾಯಿ, ಬೆಳಗಾವಿ

ವ್ಯಾಪಾರವೇ ರೀ. ಆದರೆ ಯಾರದೋ ಒಂದು ಕಷ್ಟ ಕಡಿಮೆಯಾಗಲಿ ಅಂತ ಮಾಡುವ ವ್ಯಾಪಾರ. ದಾನ ಕೊಟ್ಟರೆ ದುಡ್ಡು ಒಂದೇ ಸಲಕ್ಕೆ ಮುಗಿಯುತ್ತದೆ. ಇಲ್ಲಿ ಹಾಕಿದ ದುಡ್ಡು ತಿರುಗಿ ಬರಬೇಕು, ಬಂದದ್ದು ಮತ್ತೆ ಅದೇ ಕೆಲಸಕ್ಕೆ ಹೋಗಬೇಕು. ಹೆಸರು ಇಂಗ್ಲಿಷಿನದು ಅಂತ ಗಾಬರಿಯಾಗಬೇಡಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಒಟ್ಟು ಮಾಡಿ ಸಹಕಾರ ಸಂಘ ಕಟ್ಟಿದರು. ಮುಂಬೈನಲ್ಲಿ 1959ರಲ್ಲಿ ಏಳು ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಲು ಕೂತರು, ಅದೇ ಇವತ್ತಿನ ಲಿಜ್ಜತ್. ಅಲ್ಲಿ ಹಪ್ಪಳ ಒತ್ತುವವರೇ ಸಂಸ್ಥೆಯ ಒಡತಿಯರು. ಮಗಳಿಗೆ ಇದನ್ನು ಹೇಳಿ, ಬೇಗ ಅರ್ಥವಾಗುತ್ತದೆ.

ಮೂರು ದಿನದಲ್ಲಿ ಮಕ್ಕಳು ಚಂದದ ಪಿಪಿಟಿ ಮಾಡಿ, ವೇದಿಕೆ ಹತ್ತಿ ಮಾತಾಡುವುದನ್ನು ಕಲಿಯಬಹುದು. ಅದೂ ಬೇಕು, ಬೇಡ ಅನ್ನೋದಿಲ್ಲ. ಆದರೆ ಫೀಸು ಕಟ್ಟುವ ಮೊದಲು ಶಿಬಿರದವರಿಗೆ ಫೋನ್ ಮಾಡಿ, ನನ್ನ ಮಗಳು ಗುರುತಿಲ್ಲದ ಒಬ್ಬರಿಗೆ ತನ್ನ ಕೈಯಾರೆ ಏನಾದರೂ ಮಾರುತ್ತಾಳಾ, ಖರ್ಚಿನ ಪುಸ್ತಕ ಅವಳೇ ಬರೆಯುತ್ತಾಳಾ ಅಂತ ಕೇಳಿ. ಎರಡಕ್ಕೂ ಇಲ್ಲ ಅಂದರೆ ಆ ದುಡ್ಡು ಉಳಿಸಿಕೊಳ್ಳಿ. ಟ್ಯೂಷನ್ ಬಿಡಿಸುವ ಅಗತ್ಯ ಏನೂ ಇಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಹನ್ನೊಂದರ ಮೇಲೆ ಹೊರಗೆ ನಿಲ್ಲೋಕೇ ಆಗೋದಿಲ್ಲ. ನಾವು ಬೆಳಗ್ಗೆ ಏಳಕ್ಕೆ ಶುರು ಮಾಡಿ ಹತ್ತೂವರೆಗೆ ಮಕ್ಕಳನ್ನು ಮನೆಗೆ ಕಳಿಸುತ್ತೇವೆ. ಮಧ್ಯಾಹ್ನವೆಲ್ಲ ಓದಿಗೆ ಸಿಗುತ್ತದೆ.

ನಮ್ಮ ಶಾಲೆಯ ಮಕ್ಕಳು ರಜೆಯಲ್ಲಿ ನೇಕಾರರಿಗೆ ಸಹಾಯ ಮಾಡಬೇಕೆಂದಿದ್ದಾರೆ. ಇನ್ಸ್ಟಾಗ್ರಾಂ ಪೇಜ್ ಮಾಡಿ ಸೀರೆ ಮಾರುವ ಯೋಚನೆ. ಹೇಗೆ ಶುರು ಮಾಡಿಸಲಿ?
— ಒಬ್ಬ ಶಿಕ್ಷಕರು, ಇಳಕಲ್

ಸರ್, ಪೇಜ್ ಆಮೇಲೆ ಮಾಡಲಿ. ಮೊದಲ ವಾರ ಫೋನ್ ಚೀಲದಲ್ಲಿಟ್ಟು ಮಗ್ಗದ ಪಕ್ಕ ಕೂರಲಿ.

ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ ಅನ್ನೋದು ನಿಮಗೆ ಗೊತ್ತೇ ಇದೆ. ಮೈಯ ಹಾಸಿನ ಎಳೆಗಳನ್ನು, ಅಂದರೆ ಉದ್ದಕ್ಕೆ ಹಾಕಿದ ಎಳೆಗಳನ್ನು, ಸೆರಗಿನ ರೇಷ್ಮೆ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಪ್ರತಿ ಸೀರೆಗೂ ಹೊಸದಾಗಿ. ಅದಕ್ಕೇ ಒಂದೇ ಉದ್ದ ಹಾಸು ಹಾಕಿ ಹತ್ತಾರು ಸೀರೆ ನೇಯೋಕೆ ಬರೋದಿಲ್ಲ. ಆ ಊರಲ್ಲೇ ಹುಟ್ಟಿದ ಎಷ್ಟೋ ಮಕ್ಕಳು ಕೊಂಡಿ ಹಾಕುವುದನ್ನು ಹತ್ತಿರದಿಂದ ನೋಡಿಲ್ಲ. ನಮ್ಮ ಶಿಬಿರದ ಒಬ್ಬ ಹುಡುಗಿ ಅದನ್ನು ಒಂದು ತಾಸು ನೋಡಿ, ಹೊರಗೆ ಬಂದು, ‘ಅಕ್ಕಾ, ನಮ್ಮವ್ವನ ಸೀರೆಗೆ ಇಷ್ಟು ಗಂಟು ಅದಾವಂತ ಗೊತ್ತಿರಲಿಲ್ಲ’ ಅಂದಳು. ಈ ತಾಸು ಕಳೆಯದೆ ಸೀರೆ ಮಾರೋಕೆ ಹೋದರೆ ಗಿರಾಕಿ ‘ಪವರ್‌ಲೂಮಿನದು ಇದರ ಅರ್ಧ ರೇಟಿಗೆ ಸಿಗುತ್ತದಲ್ಲ’ ಅಂದಾಗ ಮಕ್ಕಳಿಗೆ ಉತ್ತರ ಹೊಳೆಯೋದಿಲ್ಲ.

ಇನ್ನೊಂದು ಮಾತು. ನೇಕಾರರಿಗೆ ‘ನಿಮ್ಮ ಸಮಸ್ಯೆ ಏನು’ ಅಂತ ಕೇಳಿಸಬೇಡಿ. ‘ಏನಿಲ್ಲಪ್ಪ, ನಡದೈತಿ’ ಅಂದುಬಿಡುತ್ತಾರೆ. ಮನೆಗೆ ಬಂದ ಮಕ್ಕಳ ಮುಂದೆ ಯಾರು ಕಷ್ಟ ಹೇಳಿಕೊಳ್ಳುತ್ತಾರೆ? ‘ನಿನ್ನೆ ಬೆಳಗ್ಗಿಂದ ಏನೇನು ಮಾಡಿದಿರಿ, ಯಾವ ಹೊತ್ತು ಕೈ ಖಾಲಿ ಇತ್ತು, ಯಾಕೆ’ ಅಂತ ಕೇಳಲಿ. ಆಗ ನೂಲು ಬರದೆ ಕೂತ ದಿನ, ಮಾಲೀಕರಿಂದ ದುಡ್ಡು ಬರಬೇಕಾದ ವಾರ, ಮಗ್ಗ ಬಿಟ್ಟ ಮಗ, ಎಲ್ಲ ತಾನಾಗಿ ಹೊರಗೆ ಬರುತ್ತದೆ. ಪೇಜ್ ಮಾಡಬೇಕಾ, ಸೀರೆಯ ಜೊತೆ ಕೊಂಡಿಯ ಕೆಲಸ ತಿಳಿಸುವ ಒಂದು ಕನ್ನಡ ಚೀಟಿ ಇಡಬೇಕಾ, ಇಲ್ಲ ಇನ್ನೇನಾದರೂ ಬೇಕಾ ಅನ್ನೋದನ್ನು ಆಮೇಲೆ ನೇಕಾರರೂ ಮಕ್ಕಳೂ ಕೂತು ತೀರ್ಮಾನ ಮಾಡಲಿ.

ಕೇಳದೆ ಮಾಡಿದರೆ ಏನಾಗುತ್ತದೆ ಅನ್ನೋದು ನಮಗೆ ಅನುಭವವಾಗಿದೆ. ಮೊದಲ ವರ್ಷ ಮಕ್ಕಳು ಪ್ಲಾಸ್ಟಿಕ್ ಬೇಡ ಅಂತ ಹಳೆ ಪೇಪರಿನ ಇನ್ನೂರು ಚೀಲ ಮಾಡಿ ಕಾಯಿಪಲ್ಲೆ ಮಾರುವವರಿಗೆ ಹಂಚಿದರು. ನಾನೂ ಹುರುಪಿನಲ್ಲಿ ಬಿಟ್ಟೆ. ವಾರ ಬಿಟ್ಟು ಹೋದರೆ ಚೀಲಗಳು ಕಟ್ಟು ಬಿಚ್ಚದೆ ಹಾಗೇ ಇದ್ದವು. ‘ತಂಗೀ, ಪಲ್ಲೇಕ ನೀರ ಹೊಡೀತೀವಿ, ನಿಮ್ಮ ಚೀಲ ಹರೀತಾವ’ ಅಂದರು ಒಬ್ಬ ಅಜ್ಜಿ. ಎರಡು ನಿಮಿಷ ಮೊದಲೇ ಕೇಳಿದ್ದರೆ ಮಕ್ಕಳ ನಾಲ್ಕು ದಿನದ ದುಡಿಮೆ ಉಳಿಯುತ್ತಿತ್ತು.

ನಾನು ನಿವೃತ್ತ ಮಾಸ್ತರ. ಓದುವ ವಯಸ್ಸಿನ ಮಕ್ಕಳಿಗೆ ಲಾಭ, ನಷ್ಟ ಅಂತ ಹೇಳಿಕೊಟ್ಟರೆ ದುಡ್ಡಿನ ಆಸೆ ಹತ್ತುವುದಿಲ್ಲವೇ? ಸೇವಾಭಾವ ಕಡಿಮೆಯಾದೀತು ಅನ್ನುವ ಚಿಂತೆ ನನಗೆ.
— ಒಬ್ಬ ಅಜ್ಜ, ಜಮಖಂಡಿ

ಮಾಸ್ತರ, ನಿಮ್ಮ ಚಿಂತೆ ನನಗೂ ಇತ್ತು. ಹೋದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಐದು ಮಕ್ಕಳ ಒಂದು ಗುಂಪು ಬಾಗಲಕೋಟೆಯ ನವನಗರದ ಒಬ್ಬ ರೊಟ್ಟಿ ಮಾಡುವ ಅಕ್ಕನ ಜೊತೆ ಸೇರಿತು. ಗಂಡ ಇಲ್ಲ, ಇಬ್ಬರು ಮಕ್ಕಳು, ಖಾನಾವಳಿಗೆ ಜೋಳದ ರೊಟ್ಟಿ ಕೊಡುತ್ತಾರೆ. ಮಕ್ಕಳು ಮೊದಲ ದಿನ ನಲವತ್ತು ರೊಟ್ಟಿಯ ಲೆಕ್ಕ ಬರೆದರು. ಎರಡು ಕಿಲೋ ಜೋಳ, ಗಿರಣಿ ಸೇರಿ 110 ರೂಪಾಯಿ. ಕಟ್ಟಿಗೆ 30. ಕವರು 20. ಒಟ್ಟು 160. ರೊಟ್ಟಿಗೆ ಐದರಂತೆ ಮಾರಿದ್ದು 200. ಕೆಳಗೆ ಕೆಂಪು ಪೆನ್ನಿನಲ್ಲಿ ‘ಲಾಭ 40’ ಅಂತ ಬರೆದು ಗೆರೆ ಎಳೆದರು. ಖುಷಿಯೋ ಖುಷಿ.

ಆ ಅಕ್ಕ ಓದು ಬಾರದವರು. ‘ಏನ್ ಬರದೀರಿ, ಓದ್ರಿ’ ಅಂದರು. ಮಕ್ಕಳು ಓದಿದರು. ಅಕ್ಕ ಒಲೆಯ ಮುಂದೆ ಕೂತೇ, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ, ‘ಜ್ವಾಳ ಬರದೀರಿ, ಕಟಗಿ ಬರದೀರಿ, ಚಲೋ ಆತು. ಇದರಾಗ ನಾ ಎಲ್ಲಿ ಅದೀನಿ?’ ಅಂದರು.

ಮಕ್ಕಳಿಗೆ ಮಾತೇ ಹೊರಡಲಿಲ್ಲ.

ಮರುದಿನ ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದರು. ಎಸರಿಟ್ಟು, ನಾದಿ, ಬಡಿದು, ಸುಡೋಕೆ ನಲವತ್ತು ರೊಟ್ಟಿಗೆ ಒಂದೂವರೆ ತಾಸು. ಕೂಲಿ ಎಷ್ಟು ಹಿಡಿಯೋದು? ಮಕ್ಕಳಲ್ಲೇ ಒಬ್ಬ ಹುಡುಗ ನರೇಗಾ, ಅಂದರೆ ಸರ್ಕಾರದ ಉದ್ಯೋಗ ಖಾತ್ರಿಯ, ಕೂಲಿ ಹುಡುಕಿ ತಂದ. ಕರ್ನಾಟಕದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ ಇತ್ತು. ಎಂಟು ತಾಸಿಗೆ ಭಾಗ ಮಾಡಿದರೆ ತಾಸಿಗೆ 46 ಚಿಲ್ಲರೆ, ಒಂದೂವರೆ ತಾಸಿಗೆ 69. ಅಂದರೆ ಅವರು ಗೆರೆ ಎಳೆದ 40 ರೂಪಾಯಿ ಲಾಭವೇ ಅಲ್ಲ, 29 ರೂಪಾಯಿ ನಷ್ಟ. ಆ ನಷ್ಟವನ್ನು ಇಷ್ಟು ವರ್ಷ ಒಬ್ಬ ಹೆಣ್ಣುಮಗಳು ತನ್ನ ಬೆನ್ನು, ರಟ್ಟೆಯಿಂದ ತುಂಬಿಸಿಕೊಂಡು ಬಂದಿದ್ದಾರೆ.

ಮಕ್ಕಳು ರೇಟು ಏಳಕ್ಕೆ ಏರಿಸಿದರು. ನಲವತ್ತಕ್ಕೆ 280, ಖರ್ಚೂ ಕೂಲಿಯೂ ಹೋಗಿ 51 ಉಳಿಯಬೇಕು. ಪುಸ್ತಕದಲ್ಲಿ ಉಳಿಯಿತು, ಬಜಾರಿನಲ್ಲಿ ಸುಲಭ ಇರಲಿಲ್ಲ. ಖಾನಾವಳಿಯವರು ಐದರ ಮೇಲೆ ಒಂದು ಪೈಸೆ ಇಲ್ಲ ಅಂದರು. ಸೆಕ್ಟರುಗಳಲ್ಲಿ ಮೂವತ್ತು ಮನೆ ಸುತ್ತಿದಾಗ ಒಂಬತ್ತು ಮನೆಯವರು ಹೂಂ ಅಂದರು, ಬಹುತೇಕ ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಗಳು. ಒಬ್ಬರು ‘ರೊಟ್ಟಿಗೆ ಏಳು ರೂಪಾಯಾ?’ ಅಂತ ಬಾಗಿಲು ಹಾಕಿದಾಗ ನಮ್ಮ ಒಬ್ಬ ಹುಡುಗ ಅಳುವಂತಾಗಿದ್ದ. ಮುಂದಿನ ಮನೆಯಲ್ಲಿ ಅವನೇ ನಿಂತು ಒಂದೂವರೆ ತಾಸಿನ ಲೆಕ್ಕ ಹೇಳಿದ.

ಈಗ ಹೇಳಿ ಮಾಸ್ತರ, ಇದು ದುಡ್ಡಿನ ಆಸೆಯಾ? ನನಗಂತೂ ಹಾಗನಿಸುವುದಿಲ್ಲ. ಅದಕ್ಕೆ ಮೊದಲು ಮಕ್ಕಳು ಆ ಅಕ್ಕನನ್ನು ‘ಪಾಪ, ಬಡವರು’ ಅನ್ನುತ್ತಿದ್ದರು. ಲೆಕ್ಕ ಹಾಕಿದ ಮೇಲೆ ಆ ಮಾತು ಅವರ ಬಾಯಿಂದ ಬಂದದ್ದು ನಾನು ಕೇಳಿಲ್ಲ. ಸೇವೆ ಅಂತ ಹೋದಾಗ ನಾವು ಮೇಲೆ, ಅವರು ಕೆಳಗೆ ಅನ್ನೋದು ಒಂದು ಚೂರು ಉಳಿದೇ ಇರುತ್ತದೆ. ಕೂಲಿಯ ಕಾಲಂ ಬರೆದಾಗ ಅದು ಹೋಗುತ್ತದೆ.

ಮಗನಿಗೆ ಹದಿನೈದು ವರ್ಷ. ಇದಕ್ಕೆಲ್ಲ ಕಾನೂನಿನ ತೊಡಕು ಇದೆಯಾ?
— ಒಬ್ಬ ತಂದೆ, ವಿಜಯಪುರ

ಕಲಿಯೋಕೆ ತೊಡಕಿಲ್ಲ. ಆದರೆ 1872ರ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ನಿಲ್ಲೋದಿಲ್ಲ. ಸಾಲ, ಬಾಡಿಗೆ, ಸಹಿ ಇರುವ ಯಾವುದೇ ಕಾಗದ ದೊಡ್ಡವರ ಹೆಸರಿನಲ್ಲಿರಲಿ. ತಿನ್ನುವ ಪದಾರ್ಥ ಮಾರುವುದಾದರೆ ಮನೆಯಲ್ಲಿ ಮಾಡಿದ್ದಕ್ಕೂ ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಅದಕ್ಕೆ ನೋಂದಣಿ ಇರುವ ಸ್ವಸಹಾಯ ಸಂಘದ ಜೊತೆ ಕೂಡಿ ಮಾಡೋದು ಒಳ್ಳೆಯದು. ಇನ್ನು, ಕಲಿಕೆಯ ಹೆಸರಿನಲ್ಲಿ ಮಕ್ಕಳನ್ನು ದಿನವಿಡೀ ಪ್ಯಾಕಿಂಗಿಗೆ ಕೂರಿಸುವವರೂ ಇದ್ದಾರೆ. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಅಪರಾಧ. ಅಂಥದ್ದು ಕಂಡರೆ ಮಗನನ್ನು ಅವತ್ತೇ ಕರೆದುಕೊಂಡು ಬನ್ನಿ.

ಅಕ್ಕಾರ, ನಾನು ಹತ್ತನೇ ಪರೀಕ್ಷೆ ಬರೆದೀನಿ. ನಮ್ಮೂರಾಗ ಯಾವ ಶಿಬಿರಾನೂ ಇಲ್ಲ, ನನ್ನ ಹತ್ತಿರ ರೊಕ್ಕಾನೂ ಇಲ್ಲ. ನಾ ಏನು ಮಾಡಬಹುದು?
— ಒಬ್ಬ ವಿದ್ಯಾರ್ಥಿ, ಇಂಡಿ

ತಮ್ಮಾ, ಇಂಡಿ ಲಿಂಬೆಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ನೀನು ಅದರ ನಡುವೆಯೇ ಕೂತಿದ್ದೀಯ. ಬೇಸಿಗೆಯಲ್ಲಿ ಲಿಂಬೆಗೆ ಒಳ್ಳೆ ರೇಟು, ಮಳೆಗಾಲದಲ್ಲಿ ಕಾಯಿ ಜಾಸ್ತಿಯಾಗಿ ರೇಟು ಬೀಳುತ್ತದೆ. ಇದು ನಿನ್ನೂರಿನ ಎಲ್ಲರಿಗೂ ಗೊತ್ತು. ಆದರೆ ಯಾವ ವಾರ ಎಷ್ಟಿತ್ತು ಅಂತ ಬರೆದಿಟ್ಟವರು ಎಷ್ಟು ಜನ? ಒಂದು ನೋಟ್‌ಬುಕ್ ತಗೋ. ದಿನಾ ಮಾರುಕಟ್ಟೆಯ ರೇಟು ಬರಿ. ಇಬ್ಬರು ಸಣ್ಣ ರೈತರ ಹತ್ತಿರ ಕೂತು ಕೀಳುವ ಕೂಲಿ, ಗಾಡಿ ಬಾಡಿಗೆ, ದಲಾಲಿ ಎಷ್ಟು ಹೋಗುತ್ತದೆ ಅಂತ ಕೇಳಿ ಬರಿ. ಸಣ್ಣ ಕಾಯಿ, ಕಲೆ ಇರುವ ಕಾಯಿ ಎಲ್ಲಿ ಹೋಗುತ್ತದೆ ಅಂತಲೂ ನೋಡು. ಉಪ್ಪಿನಕಾಯಿ ಹಾಕುವ ಸಂಘ ಊರಲ್ಲಿದ್ದರೆ ಅವರಿಗೆ ಆ ಕಾಯಿ ಬೇಕಾ ಅಂತ ಕೇಳು. ಅವರು ಬೇಕು ಅಂದ ದಿನವೇ ಮೊದಲ ಐದು ಕಿಲೋ ಒಯ್ದು ಕೊಡು, ಅದಕ್ಕಿಂತ ಜಾಸ್ತಿ ಬೇಡ. ರೊಕ್ಕ ಇಲ್ಲ ಅಂದೆಯಲ್ಲ, ಇಲ್ಲಿಯವರೆಗೆ ನೋಟ್‌ಬುಕ್ಕಿನ ಖರ್ಚು ಬಿಟ್ಟು ಏನೂ ಹತ್ತಿಲ್ಲ. ಜೂನಿನೊಳಗೆ ಆ ಪುಸ್ತಕದ ಎರಡು ಪುಟದ ಫೋಟೋ ನನಗೆ ಕಳಿಸು. ತಪ್ಪಿದ್ದರೂ ಕಳಿಸು, ಕೂತು ನೋಡೋಣ.

ಶಾಲೆ ಶುರುವಾದ ಮೇಲೆ ಮಕ್ಕಳು ಹೋಗಿಬಿಡುತ್ತಾರೆ. ಆ ರೊಟ್ಟಿ ಮಾಡುವಂಥವರ ಗತಿ ಏನು?
— ಒಬ್ಬ ಉಪನ್ಯಾಸಕಿ, ಮುಧೋಳ

ಮೇಡಂ, ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ನಡುವೆ ಕೈಬಿಟ್ಟರೆ ಶುರು ಮಾಡದೇ ಇದ್ದದ್ದಕ್ಕಿಂತ ಕೆಟ್ಟದ್ದು. ಅದಕ್ಕೆ ನಮ್ಮಲ್ಲಿ ಮೂರನೇ ವಾರದಿಂದಲೇ ಗಿರಾಕಿಗಳ ಫೋನು ಮಕ್ಕಳಿಗೆ ಬರಬಾರದು, ನೇರ ಆ ಅಕ್ಕನಿಗೇ ಹೋಗಬೇಕು. ದುಡ್ಡೂ ಅವರ ಖಾತೆಗೇ. ಕೊನೆಯ ವಾರ ಮಕ್ಕಳು ಸುಮ್ನೆ ಪಕ್ಕದಲ್ಲಿ ಕೂತು ನೋಡುತ್ತಾರೆ, ಏನೂ ಮಾಡುವ ಹಾಗಿಲ್ಲ. ಆ ವಾರ ನಡೆಯದೆ ಹೋದದ್ದೇ ಅವರು ಸರಿಮಾಡಬೇಕಾದ ಕೆಲಸ. ಒಂಬತ್ತು ಮನೆಗಳಲ್ಲಿ ಆರು ಇವತ್ತಿಗೂ ಅವರ ರೊಟ್ಟಿ ತಗೊಳ್ಳುತ್ತಿವೆ. ಓದು ಬಾರದ ಆ ಅಕ್ಕನ ಮಗಳು ಆರನೇ ತರಗತಿ. ಪುಸ್ತಕ ಈಗ ಅವಳು ಬರೆಯುತ್ತಾಳೆ, ಅವ್ವನ ಕೂಲಿಯ ಕಾಲಂ ಎಲ್ಲಕ್ಕಿಂತ ಮೊದಲು.