ಎತ್ತರ ಬೆಳೆಯುವ ಸಲಾಡ್ ಟೊಮೆಟೊ ಬೀಜ ಕಲಬುರಗಿಯಲ್ಲಿ ಯಾವಾಗ ಹಾಕಬೇಕು?

ನೀವು ಕೇಳಿದ್ದು ಇಷ್ಟು: ಸಂಬಂಧಿಕರು ಇಂಗ್ಲೆಂಡಿನಿಂದ ‘ಮನಿಮೇಕರ್’ ಟೊಮೆಟೊ ಬೀಜ ತಂದುಕೊಟ್ಟಿದ್ದಾರೆ, ಪ್ಯಾಕೆಟ್ ಮೇಲೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಬಿತ್ತಿ ಅಂತಿದೆ, ಕಲಬುರಗಿಯಲ್ಲಿ ಮಾಳಿಗೆ ಮೇಲೆ ಕುಂಡದಲ್ಲಿ ಬರುತ್ತದಾ?

ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಪ್ಯಾಕೆಟ್ ಮೇಲಿನ ತಿಂಗಳು ಮರೆತುಬಿಡಿ. ಅದು ಅವರ ಊರಿನ ಪಂಚಾಂಗ. ಫೆಬ್ರವರಿ ಅಂದರೆ ಅವರಿಗೆ ಚಳಿ ಮುಗಿಯುತ್ತಾ ಬಂತು ಅಂತ, ನಮಗೆ ಬಿಸಿಲು ಶುರುವಾಯಿತು ಅಂತ.

ನಾನೂ ಮೊದಲ ವರ್ಷ ಪ್ಯಾಕೆಟ್ ನಂಬಿ ಫೆಬ್ರವರಿಯಲ್ಲೇ ಹಾಕಿದ್ದೆ. ಬೀಜ ಎಲ್ಲಾ ಮೊಳೆತವು, ಏಪ್ರಿಲ್ ಹೊತ್ತಿಗೆ ಗಿಡ ಎದೆಮಟ್ಟ ಬಂದಿತ್ತು, ಹೂವೂ ಬಿಟ್ಟಿತ್ತು. ಬೆಳಿಗ್ಗೆ ನೀರು ಹಾಕಲು ಹೋದರೆ ಕುಂಡದ ಸುತ್ತ ಹಳದಿ ಹೂ ಉದುರಿ ಬಿದ್ದಿರುತ್ತಿದ್ದವು. ಒಂದನ್ನು ಎತ್ತಿ ನೋಡಿದೆ. ಹೂವಿನ ತೊಟ್ಟಿನ ನಡುವೆ ಬೆರಳಿನ ಗೆಣ್ಣಿನ ಹಾಗೆ ಒಂದು ಸಣ್ಣ ಗಂಟು ಇರುತ್ತದಲ್ಲ, ಸರಿಯಾಗಿ ಅಲ್ಲೇ ಚಾಕುವಿನಿಂದ ಕೊಯ್ದ ಹಾಗೆ ಕಳಚಿಕೊಂಡಿತ್ತು. ಗೊಬ್ಬರ ಸಾಲದು ಅಂದುಕೊಂಡು ಯೂರಿಯಾ ಹಾಕಿದೆ. ಎಲೆ ಜಾಸ್ತಿ ಆಯಿತು, ಕಾಯಿ ಒಂದೂ ನಿಲ್ಲಲಿಲ್ಲ. ಆಮೇಲೆ ತಿಳಿಯಿತು: ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದಿಲ್ಲ, ಗಿಡವೇ ಹೂವನ್ನು ಉದುರಿಸಿಬಿಡುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ಅಂದರೆ 40 ದಾಟುತ್ತದೆ, ರಾತ್ರಿ ಊಟ ಆದ ಮೇಲೂ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಂತರೆ ಕಾವು ಗೊತ್ತಾಗುತ್ತದೆ. ಅಂಥ ಕಡೆ ಆ ಗಿಡ ಏನು ಮಾಡೀತು ಹೇಳಿ.

ಹಾಗಾಗಿ ಲೆಕ್ಕವನ್ನು ಹೂವಿನಿಂದ ಹಿಂದಕ್ಕೆ ಹಾಕಿ. ಹೂ ಬಿಡುವಾಗ ರಾತ್ರಿ ತಂಪಿರಬೇಕು, ಅಂದರೆ ನವೆಂಬರ್. ಸಸಿ ನೆಟ್ಟು ಸುಮಾರು ಒಂದು ತಿಂಗಳಿಗೆ ಹೂ ಬರುತ್ತದೆ, ಸಸಿ ಆಗಲು 25ರಿಂದ 30 ದಿನ ಬೇಕು. ಗಣೇಶ ಹಬ್ಬದ ಆಸುಪಾಸು ಬೀಜ, ದಸರೆ ಹೊತ್ತಿಗೆ ನಾಟಿ, ದೀಪಾವಳಿಗೆ ಹೂ, ಎಳ್ಳ ಅಮಾವಾಸ್ಯೆಗೆ ಮೊದಲ ಹಣ್ಣು. ನಾನು ಈಗ ಹಬ್ಬ ನೋಡಿಯೇ ಬೀಜ ಹಾಕುತ್ತೇನೆ. ತಂಪಿನಲ್ಲಿ ಹಣ್ಣಾದರೆ ಇನ್ನೊಂದು ಲಾಭ ಇದೆ. 30 ಡಿಗ್ರಿ ಮೀರಿದ ಸೆಕೆಯಲ್ಲಿ ಹಣ್ಣಿಗೆ ಕೆಂಪು ಬಣ್ಣ ಸರಿಯಾಗಿ ಕೂಡುವುದಿಲ್ಲ, ಕಿತ್ತಳೆ ಬಣ್ಣಕ್ಕೇ ನಿಂತುಬಿಡುತ್ತದೆ. ಚಳಿಗಾಲದ ಹಣ್ಣು ತೊಟ್ಟಿನ ತನಕ ಕೆಂಪಾಗುತ್ತದೆ.

ಬೀಜವನ್ನು ಅರ್ಧ ಸೆಂಟಿಮೀಟರ್‌ಗಿಂತ ಆಳ ಹಾಕಬೇಡಿ. ಆರೇಳು ದಿನದಲ್ಲಿ ಮೊಳಕೆ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ನಮ್ಮಲ್ಲಿ ಮಳೆ ಜೋರು. ಟ್ರೇ ಅನ್ನು ಬಯಲಲ್ಲಿ ಬಿಟ್ಟರೆ ಸಸಿಯ ಬುಡ ದಾರದ ಹಾಗೆ ಸಣ್ಣಗಾಗಿ ಮಲಗಿಬಿಡುತ್ತದೆ. ಮಳೆ ತಾಗದ, ಬೆಳಕು ಚೆನ್ನಾಗಿರುವ ಜಾಗ ನೋಡಿ. ಟ್ರೇ ಮೇಲೆ ನೈಲಾನ್ ಪರದೆ ಖಂಡಿತ ಕಟ್ಟಿ, ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನದು ಬೇಕು. ಯಾಕೆಂದರೆ ಬಿಳಿ ನೊಣ. ಅದು ರಸ ಹೀರುವುದಕ್ಕಿಂತ ಎಲೆ ಮುದುಡು ರೋಗ ಹಚ್ಚಿ ಹೋಗುವುದೇ ದೊಡ್ಡ ತೊಂದರೆ. ಆರ್ಕಾ ರಕ್ಷಕ್ ಥರದ ನಮ್ಮ ಹೈಬ್ರಿಡ್‌ಗಳಿಗೆ ಈ ರೋಗ ತಡೆಯುವ ಶಕ್ತಿ ಇದೆ, ಇಂಗ್ಲೆಂಡಿನ ಹಳೇ ತಳಿಗೆ ಇಲ್ಲ. ಎಳೆಯದರಲ್ಲೇ ರೋಗ ಹತ್ತಿದರೆ ಆ ಗಿಡದಿಂದ ಹಣ್ಣಿನ ಆಸೆ ಬಿಡಿ, ಕಿತ್ತುಹಾಕಿ. ಆದರೆ ಎಲೆ ಸುರುಳಿಯಾದದ್ದೆಲ್ಲಾ ಆ ರೋಗವೇ ಅಲ್ಲ. ಕೆಳಗಿನ ಹಳೇ ಎಲೆ ಬಿಸಿಲಿಗೆ ಕೊಳವೆ ಹಾಗೆ ಸುತ್ತಿಕೊಂಡು, ಬಣ್ಣ ಮಾತ್ರ ಹಸಿರಾಗೇ ಇದ್ದರೆ ಭಯ ಬೇಡ. ತುದಿಯ ಹೊಸ ಎಲೆ ಚಿಕ್ಕದಾಗಿ, ಅಂಚು ಹಳದಿಯಾಗಿ, ಮೇಲಕ್ಕೆ ಮುದುಡಿ, ಗಿಡ ಬೆಳೆಯದೆ ಕುಳಿತರೆ ಅದು ರೋಗ.

ಮಣ್ಣಿನ ಮಾತು. ಬರೀ ಎರೆ ಮಣ್ಣು ಕುಂಡಕ್ಕೆ ತುಂಬಬೇಡಿ. ಹೊಲದಲ್ಲಿ ತೊಗರಿಗೆ ಅದು ಬಂಗಾರ, ಕುಂಡದಲ್ಲಿ ಮಾತ್ರ ನೀರು ಹಾಕಿದರೆ ರಾಡಿ, ಒಣಗಿದರೆ ಕಲ್ಲು. ನಾನು ಒಂದು ಪಾಲು ಎರೆ, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಕಲಸುತ್ತೇನೆ. ಒಂದು ಗಿಡಕ್ಕೆ 20 ಲೀಟರಿನ ಬಕೆಟ್ ಬೇಕು, ತಳದಲ್ಲಿ ನಾಲ್ಕೈದು ತೂತು. ನೆಡುವಾಗ ಕೆಳಗಿನ ಎಲೆ ಚಿವುಟಿ, ಕಾಂಡವನ್ನು ಅರ್ಧದ ತನಕ ಮಣ್ಣಲ್ಲಿ ಹೂತುಬಿಡಿ. ಟೊಮೆಟೊ ಕಾಂಡ ಮಣ್ಣು ತಾಗಿದಲ್ಲೆಲ್ಲಾ ಬೇರು ಬಿಡುತ್ತದೆ.

ಈ ತಳಿ ಬೆಳೆಯುವುದನ್ನು ನಿಲ್ಲಿಸುವುದೇ ಇಲ್ಲ, ಆರು ಅಡಿ ಸುಲಭವಾಗಿ ದಾಟುತ್ತದೆ. ಮೊದಲು ನಾನು ಮನೆಯಲ್ಲಿದ್ದ ತೊಗರಿ ಕಟ್ಟಿಗೆ ಊರಿದ್ದೆ. ಕಾಯಿ ಭಾರ ಬಿದ್ದಾಗ ಒಂದು ರಾತ್ರಿ ಗಾಳಿಗೆ ಮುರಿದು ಎರಡು ಗೊಂಚಲು ಹೋದವು, ಬಹಳ ಬೇಜಾರಾಯಿತು. ಬಿದಿರು ಗಳವೇ ಬೇಕು, ನೆಡುವ ದಿನವೇ ಊರಬೇಕು, ಆಮೇಲೆ ಊರಿದರೆ ಬೇರು ಹರಿಯುತ್ತದೆ. ಸುತಳಿಯನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಎಲೆ ಮತ್ತು ಕಾಂಡದ ಕಂಕುಳಲ್ಲಿ ಬರುವ ಚಿಗುರನ್ನು ಬೆರಳುದ್ದ ಆಗುವ ಮೊದಲೇ ಮುರಿಯಿರಿ. ಇಂಗ್ಲೆಂಡಿನವರು ಗಾಜಿನ ಮನೆಯಲ್ಲಿ ಒಂದೇ ಕಾಂಡ ಬಿಟ್ಟು, ಕೆಳಗಿನ ಎಲೆಯನ್ನೂ ತೆಗೆದು ಬೋಳು ಮಾಡುತ್ತಾರೆ. ಅವರಿಗೆ ಬಿಸಿಲು ಸಾಲದು, ಅದಕ್ಕೆ. ನಾವು ಹಾಗೆ ಮಾಡಿದರೆ ಕಾಯಿಯ ಮೇಲೆ ಬಿಳಿ ಸುಟ್ಟ ಕಲೆ ಬೀಳುತ್ತದೆ. ನಾನು ಮೊದಲ ಗೊಂಚಲಿನ ಕೆಳಗಿನ ಒಂದು ಚಿಗುರನ್ನು ಬಿಟ್ಟು ಎರಡು ಕಾಂಡ ಬೆಳೆಸುತ್ತೇನೆ. ಮಣ್ಣಿಗೆ ತಾಗುವ ಎಲೆ ಮಾತ್ರ ತೆಗೆಯುತ್ತೇನೆ, ಉಳಿದದ್ದು ಕಾಯಿಗೆ ನೆರಳು.

ನೀರಿನಲ್ಲಿ ಒಂದೇ ಮಾತು, ಹದ ತಪ್ಪಿಸಬೇಡಿ. ಎರಡು ದಿನ ಒಣಗಿಸಿ ಮೂರನೇ ದಿನ ಬಕೆಟ್ ಸುರಿದರೆ ಹಣ್ಣು ಒಡೆಯುತ್ತದೆ, ಕಾಯಿಯ ತಳ ಕಪ್ಪಗೆ ಚರ್ಮದ ಹಾಗೆ ಒಳಗೆ ಕುಸಿಯುತ್ತದೆ. ಅದು ಸೋಂಕಲ್ಲ, ನೀರು ಏರುಪೇರಾಗಿ ಕಾಯಿಗೆ ಸುಣ್ಣದ ಅಂಶ ತಲುಪದೆ ಆಗುವುದು. ನಮ್ಮ ಬೋರ್‌ವೆಲ್ ನೀರಲ್ಲಿ ಸುಣ್ಣ ಬೇಕಾದಷ್ಟಿದೆ, ಸುಮ್ನೆ ಔಷಧಿಗೆ ದುಡ್ಡು ಹಾಕಬೇಡಿ. ಬೆಳಿಗ್ಗೆ ಬುಡಕ್ಕೆ ನೀರು ಹಾಕಿ, ಮಣ್ಣಿನ ಮೇಲೆ ಕಬ್ಬಿನ ರವದಿ ಹೊದಿಸಿ. ಅಷ್ಟೇ.

ಡಿಸೆಂಬರ್‌ನಲ್ಲಿ ಕಾಯಿಗೆ ದುಂಡಗೆ ತೂತು ಕಂಡರೆ ಅದು ತೊಗರಿ ಹೊಲದ ಹಸಿರು ಹುಳುವೇ, ಕಾಯಿಕೊರಕ. ತೊಗರಿ ಕಾಯಿಗೂ ಟೊಮೆಟೊಗೂ ಅದೊಂದೇ. ಎತ್ತರದ ಹಳದಿ ಚೆಂಡು ಹೂ ಸಸಿಯನ್ನು ಟೊಮೆಟೊಗಿಂತ ಎರಡು ವಾರ ಮೊದಲೇ ಬೆಳೆಸಿಕೊಂಡು ಪಕ್ಕದಲ್ಲಿಡಿ. ಪತಂಗ ಹೆಚ್ಚಾಗಿ ಅದರ ಮೊಗ್ಗಿಗೆ ಹೋಗಿ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ಸಂಜೆ, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಕಲಸಿ ಎಲೆಯ ಅಡಿಭಾಗಕ್ಕೂ ಸಿಂಪಡಿಸಿ. ನಾಲ್ಕೈದು ಕುಂಡಕ್ಕೆ ಇಷ್ಟು ಸಾಕು, ಕಂಡ ಹುಳುವನ್ನು ಕೈಯಲ್ಲೇ ತೆಗೆಯಬಹುದು.

ಕೊಯ್ಲು ಮಾರ್ಚ್ ತನಕ ನಡೆಯುತ್ತದೆ. ಫೆಬ್ರವರಿ ಕೊನೆಗೆ ತುದಿ ಚಿವುಟಿಬಿಡಿ, ಇರುವ ಕಾಯಿ ಬೇಗ ಬಲಿಯುತ್ತವೆ. ಹಣ್ಣನ್ನು ಫ್ರಿಜ್‌ನಲ್ಲಿಡಬೇಡಿ, ರುಚಿ ಹೋಗುತ್ತದೆ. ನಮ್ಮನೆಯಲ್ಲಿ ಅವ್ವ ದಪ್ಪ ದಪ್ಪ ಹೋಳು ಮಾಡಿ, ಉಳ್ಳಾಗಡ್ಡಿ, ಹಸಿ ಮೆಂತ್ಯ ಸೊಪ್ಪಿನ ಜೊತೆ ಶೇಂಗಾ ಹಿಂಡಿ ಉದುರಿಸಿ ಬಿಸಿ ಜೋಳದ ರೊಟ್ಟಿಗೆ ಕೊಡುತ್ತಾಳೆ. ಸಾರಿಗೆ ಈ ಹಣ್ಣು ಹಾಕಲು ನನಗಂತೂ ಮನಸ್ಸು ಬರುವುದಿಲ್ಲ.

ಇದು ಹೈಬ್ರಿಡ್ ಅಲ್ಲದ ಕಾರಣ ಬೀಜ ನೀವೇ ಇಟ್ಟುಕೊಳ್ಳಬಹುದು. ರೋಗ ಹತ್ತದ, ಚೆನ್ನಾಗಿ ಕಾಯಿ ಹಿಡಿದ ಗಿಡದ ಎರಡು ಪೂರ್ತಿ ಹಣ್ಣು ಆರಿಸಿ. ತಿರುಳನ್ನು ಲೋಟಕ್ಕೆ ಹಿಂಡಿ ಎರಡು ದಿನ ಹುಳಿಯಲು ಬಿಡಿ, ಬೀಜದ ಸುತ್ತಲಿನ ಲೋಳೆ ಬಿಡುತ್ತದೆ. ತೊಳೆದು, ನೆರಳಲ್ಲಿ ತಟ್ಟೆಯ ಮೇಲೆ ಒಣಗಿಸಿ, ಕಾಗದದಲ್ಲಿ ಕಟ್ಟಿ ಮನೆಯಲ್ಲಿ ತಂಪಿರುವ ಕಡೆ ಇಡಿ. ಈಗ ನಿಮ್ಮ ಕೈಯಲ್ಲಿರುವ ಪ್ಯಾಕೆಟ್ಟನ್ನೂ ಅಲ್ಲೇ ಇಟ್ಟು ಗಣೇಶ ಹಬ್ಬದ ಹೊತ್ತಿಗೆ ತೆಗೆಯಿರಿ. ಎಲ್ಲಾ ಬೀಜ ಒಂದೇ ಸಲ ಹಾಕಬೇಡಿ, ಅರ್ಧ ಹಾಕಿ, ಉಳಿದರ್ಧ ಹತ್ತು ದಿನ ಬಿಟ್ಟು ಹಾಕಿ. ಮಳೆಗೆ ಒಂದು ತಂಡ ಹೋದರೂ ಇನ್ನೊಂದು ಇರುತ್ತದೆ.